ಗೋಧಿ ಹೊಲಗಳ ನಡುವೆ ಒಂದು ಪುಟ್ಟ ಮಸೀದಿ

ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದವರ ಕಥೆ ಎಂದರೆ ನಿಮಗೇನು ನೆನಪಾಗುತ್ತದೆ? ಬಿಳಿ ಬಟ್ಟೆ ಹೊದಿಸಿದ ಎತ್ತಿನ ಬಂಡಿಗಳ ಸಾಲು, ಕುದುರೆ ಸವಾರರು, ಬಂದೂಕು! 1840ರ ದಶಕದಿಂದ ಲಕ್ಷಾಂತರ ಮಂದಿ ಮಿಸ್ಸೌರಿ ನದಿಯ ದಡದಿಂದ ಒರೆಗಾನ್, ಕ್ಯಾಲಿಫೋರ್ನಿಯಾಗಳತ್ತ ಸುಮಾರು ಎರಡು ಸಾವಿರ ಮೈಲಿ ಪ್ರಯಾಣಿಸಿದ್ದು ನಿಜ. ಆದರೆ ಆ ವಲಸೆಯ ಕೊನೆಯ ಅಧ್ಯಾಯದಲ್ಲಿ ನಮಾಝ್ ಮಾಡುವ, ರಮಝಾನ್ ಉಪವಾಸ ಆಚರಿಸುವ ಕುಟುಂಬಗಳೂ ಇದ್ದವೆಂಬುದು ನಿಮಗೆ ಗೊತ್ತೇ?

ಬನ್ನಿ, ಉತ್ತರ ಡಕೋಟಾ ರಾಜ್ಯದ ರಾಸ್ ಎಂಬ ಊರಿಗೆ ಹೋಗೋಣ. ಕೆನಡಾದ ಗಡಿಗೆ ಹತ್ತಿರದ ಪ್ರದೇಶವಿದು. ಮೈನಾಟ್ ನಗರದಿಂದ ಎರಡನೇ ನಂಬ್ರದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿ. ಮರಗಳು ಕಡಿಮೆ, ಆಕಾಶ ಜಾಸ್ತಿ. ಊರಿನ ಜನಸಂಖ್ಯೆ ನೂರರ ಆಸುಪಾಸು. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. ಇಲ್ಲಿನ ಬಯಲಿನಲ್ಲಿ ಒಂದು ಕಬರಸ್ಥಾನವಿದೆ. ಅದರ ಪಕ್ಕದಲ್ಲೇ ಗುಮ್ಮಟವಿರುವ, ಒಂದು ಕೋಣೆಯಷ್ಟೇ ದೊಡ್ಡದಾದ ಮಸೀದಿ.

ಇವರು ಇಲ್ಲಿಗೆ ಬಂದದ್ದು ಹೇಗೆ? 1862ರಲ್ಲಿ ಅಧ್ಯಕ್ಷ ಲಿಂಕನ್ 'ಹೋಮ್‌ಸ್ಟೆಡ್ ಕಾನೂನಿಗೆ' ಸಹಿ ಹಾಕಿದರು. ಅಲ್ಪ ಶುಲ್ಕ ಕಟ್ಟಿದವರಿಗೆ 160 ಎಕರೆ ಸರಕಾರಿ ಜಮೀನು. ಶರತ್ತೇನೆಂದರೆ ಐದು ವರ್ಷ ಅಲ್ಲೇ ವಾಸಿಸಬೇಕು, ಮನೆ ಕಟ್ಟಬೇಕು, ಉಳುಮೆ ಮಾಡಬೇಕು. 1912ರಲ್ಲಿ ಈ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಲಾಯಿತು. ಪರದೇಶದಿಂದ ಬಂದವರೂ ಅಮೆರಿಕದ ಪ್ರಜೆಗಳಾಗುವ ಇಚ್ಛೆಯನ್ನು ಬರೆದುಕೊಟ್ಟು ಅರ್ಜಿ ಹಾಕಬಹುದಿತ್ತು. ಆಗ ಉಸ್ಮಾನಿಯಾ ಆಡಳಿತದಲ್ಲಿದ್ದ ಸಿರಿಯಾದ ಹಳ್ಳಿಗಳಿಂದ ಬಂದವರು ಮೊದಲು ಬೆನ್ನ ಮೇಲೆ ಗಂಟು ಹೊತ್ತು ಮನೆಮನೆಗೆ ಸಾಮಾನು ಮಾರಿದರು. ಆಮೇಲೆ, ಸುಮಾರು 1902ರಿಂದ, ರಾಸ್‌ನ ಸುತ್ತ ಜಮೀನು ಹಿಡಿದರು.

ಆದರೆ ಸಹೋದರಿಯರೇ, ಒಂದು ಮಾತು ಮರೆಯಬಾರದು. ಆ ಜಮೀನು ಬರಿದಾಗಿ ಬಿದ್ದಿರಲಿಲ್ಲ. ಮಂಡಾನ್, ಹಿದಾತ್ಸಾ, ಅರಿಕಾರಾ ಮುಂತಾದ ಮೂಲನಿವಾಸಿಗಳು ತಲೆಮಾರುಗಳಿಂದ ಬಾಳಿದ ನಾಡದು. ಸರಕಾರ ಅವರ ಭೂಮಿಯನ್ನು ಹಂತಹಂತವಾಗಿ ಕಿತ್ತುಕೊಂಡು ಇತರರಿಗೆ ಹಂಚಿತು. ಒಬ್ಬ ಬಡವನ ಆಸರೆ ಇನ್ನೊಬ್ಬ ಬಡವನ ನಷ್ಟದ ಮೇಲೆ ನಿಂತಿತ್ತು.

ಹಲವು ವರ್ಷ ಇವರ ಜುಮಾ ನಮಾಝ್ ಮನೆಗಳಲ್ಲೇ ನಡೆಯಿತು. 1929ರಲ್ಲಿ ಅರ್ಧ ನೆಲದೊಳಗೆ ಇಳಿದಂತಿದ್ದ ಒಂದು ಸರಳ ಮಸೀದಿ ಕಟ್ಟಿದರು. ಅಮೆರಿಕದಲ್ಲಿ ಮಸೀದಿಯಾಗಿಯೇ ಕಟ್ಟಿದ ಅತ್ಯಂತ ಹಳೆಯ ಕಟ್ಟಡಗಳಲ್ಲಿ ಅದೂ ಒಂದು. ಅದರ ಬೆನ್ನಿಗೇ ಬಂತು ಮೂವತ್ತರ ದಶಕದ ಬರಗಾಲ, ಆರ್ಥಿಕ ಕುಸಿತ. ಹಲವರು ಊರು ಬಿಟ್ಟರು. ಮಕ್ಕಳು ಇಂಗ್ಲಿಷ್ ಕಲಿತರು, ಅರಬಿ ಮರೆತರು. ನಮಾಝಿಗೆ ಜನರಿಲ್ಲದೆ ಪಾಳುಬಿದ್ದ ಮಸೀದಿಯನ್ನು 1979ರಲ್ಲಿ ಕೆಡವಲಾಯಿತು. ಆ ವಲಸಿಗರ ಮಗಳೊಬ್ಬರಿಗೆ ಇದು ಸಹಿಸಲಾಗಲಿಲ್ಲ. ಮಸೀದಿ ಮತ್ತೆ ತಲೆಯೆತ್ತಬೇಕೆಂಬುದು ಅವರ ಹಂಬಲವಾಗಿತ್ತು. 2004ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಕುಟುಂಬದವರು ಈಗಿನ ಪುಟ್ಟ ಮಸೀದಿಯನ್ನು ಪೂರ್ತಿಗೊಳಿಸಿದರು.

ಇಂದು ಅಲ್ಲಿನ ಮೊಮ್ಮಕ್ಕಳು ತಮ್ಮ ಬೇರು ಹುಡುಕುವುದು ಹೇಗೆ? ಗೋರಿಕಲ್ಲಿನಿಂದ ಆರಂಭ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಹಾಳೆಗಳು 72 ವರ್ಷಗಳ ಬಳಿಕ ಎಲ್ಲರಿಗೂ ಸಿಗುತ್ತವೆ. ಅದರಲ್ಲಿ ಅರಬಿ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಆದ್ದರಿಂದ ಒಂದೇ ಹೆಸರನ್ನು ನಾಲ್ಕಾರು ರೀತಿಯಲ್ಲಿ ಹುಡುಕಬೇಕು. ಬಂದರಿನ ಅಧಿಕಾರಿಗಳು ಹೆಸರು ಬದಲಿಸಿದರೆಂಬ ಕಥೆ ಅನೇಕ ಮನೆಗಳಲ್ಲಿದೆ. ಆದರೆ ಹಡಗಿನ ಪಟ್ಟಿಗಳು ತಯಾರಾಗುತ್ತಿದ್ದುದು ಹೊರಡುವ ಬಂದರಿನಲ್ಲೇ.

ಎಲ್ಲಕ್ಕಿಂತ ಅಮೂಲ್ಯವಾದುದು ಜಮೀನಿನ ಕಡತ. ಹಕ್ಕುಪತ್ರ ಪಡೆಯುವ ಮುನ್ನ ಅರ್ಜಿದಾರನೂ ಇಬ್ಬರು ಸಾಕ್ಷಿಗಳೂ ಹೇಳಿಕೆ ಕೊಡಬೇಕಿತ್ತು. ಮನೆ ಎಷ್ಟು ಉದ್ದಗಲ, ಎಷ್ಟು ಎಕರೆ ಉಳುಮೆ, ಕುಟುಂಬದಲ್ಲಿ ಎಷ್ಟು ಜನ, ಎಷ್ಟು ದಿನ ಊರು ಬಿಟ್ಟಿದ್ದರು ಎಂಬುದೆಲ್ಲ ಅದರಲ್ಲಿದೆ. ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಅವು ಇಂದಿಗೂ ಭದ್ರವಾಗಿವೆ.

ಅವಿವಾಹಿತೆಯರು, ವಿಧವೆಯರು ತಮ್ಮ ಹೆಸರಿನಲ್ಲೇ ಜಮೀನು ಪಡೆಯಬಹುದಿತ್ತು. ಆದರೆ ಗಂಡನ ಜೊತೆ ಮಣ್ಣು ಅಗೆದ, ಹಿಮದಲ್ಲಿ ನೀರು ಹೊತ್ತ ಹೆಂಡತಿ? ಹೆಚ್ಚಿನ ಕಡತಗಳಲ್ಲಿ ಆಕೆ ಕೇವಲ 'ಪತ್ನಿ'.

ಮೇರಿ ಜುಮಾ ಎಂಬಾಕೆಯ ಭಾಗ್ಯ ಬೇರೆಯಾಗಿತ್ತು. 1939ರಲ್ಲಿ ಸರಕಾರದ ಒಂದು ಉದ್ಯೋಗ ಯೋಜನೆಯಡಿ ಹಳೆಯ ವಲಸಿಗರ ನೆನಪುಗಳನ್ನು ಬರೆದುಕೊಳ್ಳಲಾಯಿತು. ಬರೆದುಕೊಳ್ಳುವವರು ಆಕೆಯನ್ನೂ ಕೇಳಿದರು. ಸಿರಿಯಾದಿಂದ ಹೊರಟದ್ದು, ಊರೂರು ಸುತ್ತಿ ಮಾರಾಟ ಮಾಡಿದ್ದು, ಎಲ್ಲರೂ ಜಮೀನು ಹಿಡಿಯುವುದನ್ನು ಕಂಡು ತಾವೂ ಕೈಹಾಕಿದ್ದು, ಎಲ್ಲವನ್ನೂ ಆಕೆ ಹೇಳಿದರು. ಯಾರೋ ಒಬ್ಬರು ಕೇಳಿದ್ದರಿಂದ ಆ ತಾಯಿಯ ಮಾತು ಉಳಿಯಿತು. ಅಕ್ಕಪಕ್ಕದ ಹೊಲಗಳ ಎಷ್ಟೋ ಹೆಂಗಸರ ಮಾತು ಅವರೊಂದಿಗೇ ಮಣ್ಣು ಸೇರಿತು.

ಈಗ ಹೇಳಿ, ನಿಮ್ಮ ಅಜ್ಜಿಯ ತಾಯಿಯ ಹೆಸರು ನಿಮಗೆ ಗೊತ್ತೇ? ಆಕೆಯ ತವರೂರು ಯಾವುದು? ಗೊತ್ತಿಲ್ಲದಿದ್ದರೆ ಮನೆಯ ಹಿರಿಯರ ಬಳಿ ಇಂದು ಸಂಜೆಯೇ ಕುಳಿತು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಮಕ್ಕಳು ನಾಳೆ ಅದನ್ನು ಓದಿಯಾರು.