ಕೊನೆಯ ಸಾಲಿಗೆ

ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಏಳೂವರೆಯ ನಾಟಕ ಏಳೂವರೆಗೇ ಶುರು. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ರಾತ್ರಿ ಹತ್ತಕ್ಕೆ ಪರದೆ ಎದ್ದು ಬೆಳಗಿನ ಜಾವ ಮಂಗಳ ಹಾಡುತ್ತಿದ್ದ ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದ ಅಪ್ಪನಿಗೆ ಇದು ವಿಚಿತ್ರ. "ನಾಟಕ ಏನು ರೈಲೇ?" ಎಂದರು. ಆದರೂ ಆ ಶನಿವಾರ ಶಿವಮೊಗ್ಗದಿಂದ ಬೆಳಗಿನ ರೈಲಿಗೆ ನಮ್ಮನ್ನೆಲ್ಲ ಹೊರಡಿಸಿದವರು ಅವರೇ.

ಬ್ಯಾಂಕಿನ ಕೆಲಸ ಬಿಟ್ಟು ರಂಗಭೂಮಿಗೆ ಹೋದ ತಂಗಿಯ ಜೊತೆ ಅಪ್ಪ ಎರಡು ವರ್ಷದಿಂದ ನೆಟ್ಟಗೆ ಮಾತಾಡಿರಲಿಲ್ಲ. ಅಂದು ಅವಳ ತಂಡದ ಹೊಸ ನಾಟಕದ ಮೊದಲ ಪ್ರದರ್ಶನ. ಅಮ್ಮ ಅವಳಿಗೆಂದು ಡಬ್ಬಿಯ ತುಂಬ ಕೋಡುಬಳೆ ತಂದಿದ್ದಳು. ಆರೂವರೆಗೇ ಹೋಗಿ ಕಾದೆವು. ಒಳಗೆ ನಮಗೆ ಸಿಕ್ಕಿದ್ದು ಕೊನೆಯ ಸಾಲು.

ತಂಗಿಯದು ಸಣ್ಣ ಪಾತ್ರ, ನಾಲ್ಕೇ ಮಾತು. ಮೈಕಿಲ್ಲ. ಅಪ್ಪನಿಗೆ ಕಿವಿ ಮಂದ, ಮನೆಯಲ್ಲಿ ಟಿವಿ ನೋಡುವಾಗ ಮಾತುಮಾತಿಗೂ "ಏನಂದ?" ಎಂದು ಅಮ್ಮನನ್ನು ಕೇಳುವವರು. ತಂಗಿ ಮಾತಾಡುವಾಗ ಒಮ್ಮೆಯೂ ಕೇಳಲಿಲ್ಲ. ಮುಂದಕ್ಕೆ ಬಾಗಿ ಕೂತಿದ್ದರು.

ನಾಟಕ ಮುಗಿದ ಮೇಲೆ ಬಣ್ಣ ತೆಗೆಯದೇ ಓಡಿಬಂದ ಅವಳು ಅಪ್ಪನ ಮುಂದೆ ಸುಮ್ಮನೆ ನಿಂತಳು. "ಕೊನೇ ಸಾಲಿಗೆ ಕೇಳಿಸ್ತು ಕಣೇ," ಎಂದರು ಅಪ್ಪ.

ಮೈಕಿಲ್ಲದ ಕಾಲದ ಕಂಪನಿ ನಟರಿಗೆ ಸಲ್ಲುತ್ತಿದ್ದ ಹೊಗಳಿಕೆ ಅದು.