ಮಖ್ದೂಮ್ ಮತ್ತು ನಮ್ಮ ಸೆಪ್ಟೆಂಬರ್

ಕಲಬುರಗಿ, ರಾಯಚೂರು, ಬೀದರ್ ಸೀಮೆಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ ನಾವು ಪ್ರತಿ ಸೆಪ್ಟೆಂಬರ್ 17ರಂದು 1948ರ ವಿಮೋಚನೆಯನ್ನು ನೆನೆಯುತ್ತೇವೆ. ಆ ಸ್ಮರಣೆಯಲ್ಲಿ ಮಖ್ದೂಮ್ ಮೊಹಿಯುದ್ದೀನರ ಹೆಸರು ಅಪರೂಪ. ಹಿಮಾಯತ್‌ನಗರದ ಮಖ್ದೂಮ್ ಭವನದ ಮುಂದೆ ಹಾಯುವಾಗಲೆಲ್ಲ ಈ ಮರೆವು ನನ್ನನ್ನು ಚುಚ್ಚುತ್ತದೆ.

1908ರಲ್ಲಿ ಮೇದಕ್ ಸೀಮೆಯ ಅಂದೋಲಿನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಂದೆಯ ಸಹೋದರರ ಆಶ್ರಯದಲ್ಲಿ ಬೆಳೆದರು. ರಷ್ಯಾದಲ್ಲಿ ಕ್ರಾಂತಿಯಾಗಿದೆ, ಅಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆಂದು ಅವರು ಬಾಲಕನಿಗೆ ಹೇಳಿದ್ದರಂತೆ. (ಪಂಕ್ತಿಯೆಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ!) ಮುಂದೆ ಉರ್ದು ಕವಿಯೆಂದು ಹೆಸರಾದ ಮಖ್ದೂಮರು ಸಿಟಿ ಕಾಲೇಜಿನ ಅಧ್ಯಾಪಕ ವೃತ್ತಿಯನ್ನು ತೊರೆದು ಕಾರ್ಮಿಕರ ನಡುವೆ ನಿಂತರು. 1946ರಲ್ಲಿ ಅಖಿಲ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು; ಬಳಿಕ ನಿಜಾಮನ ಪೊಲೀಸರ ಕಣ್ತಪ್ಪಿಸಿ ಭೂಗತರಾದರು.

ನಾವು ವಿಮೋಚನೆಯೆಂದು ಆಚರಿಸುವ ದಿನ ಕಳೆದ ಮೇಲೂ ಅವರ ಅಜ್ಞಾತವಾಸ ಮುಗಿಯಲಿಲ್ಲ. ತೆಲಂಗಾಣದ ರೈತರ ಸಶಸ್ತ್ರ ಹೋರಾಟವನ್ನು ಕಮ್ಯುನಿಸ್ಟರು ಮುಂದುವರಿಸಿದ್ದರು. ನಿಜಾಮನನ್ನು ಎದುರಿಸಿದ ಕವಿಯನ್ನು 1951ರಲ್ಲಿ ಸೆರೆಗೆ ನೂಕಿದ್ದು ಸ್ವತಂತ್ರ ಭಾರತದ ಸರಕಾರ. ಮರುವರ್ಷವೇ ಹುಜೂರ್‌ನಗರದ ಮತದಾರರು ಅವರನ್ನು ಶಾಸನಸಭೆಗೆ ಆರಿಸಿ ಕಳಿಸಿದರು.