ಮರಕ್ಕೂ ಇಟ್ಟಿಗೆಗೂ ನಡುವೆ ಒಂದು ಗೆರೆ

ಮೈಸೂರಿನ ಸರಸ್ವತಿಪುರಂ. ಮೇ ತಿಂಗಳು, ಬೆಳಿಗ್ಗೆ ಏಳು ಗಂಟೆ. ಹೆಂಚಿನ ಮನೆಯ ಪಕ್ಕದ ಕಾರ್ ಶೆಡ್ ಖಾಲಿಯಾಗಿದೆ. ಎರಡು ಇಟ್ಟಿಗೆ ಕಂಬ, ಅವುಗಳ ಮೇಲೆ ಅಡ್ಡಲಾಗಿ ದಪ್ಪ ಮರದ ತೊಲೆ. ಕಂಬವೂ ತೊಲೆಯೂ ಒಂದೇ ಗಾರೆಯಡಿ ಸೇರಿಹೋಗಬೇಕೆಂಬುದು ಮನೆಯ ಯಜಮಾನರಾದ ನಿವೃತ್ತ ಮೇಷ್ಟರ ಆಸೆ.

ಮೇಸ್ತ್ರಿ ಏಣಿ ಹತ್ತಿ ಉಳಿಯಿಂದ ತೊಲೆಯನ್ನು ಅಲ್ಲಲ್ಲಿ ಚುಚ್ಚಿ ನೋಡುತ್ತಾರೆ. ಮೊನೆ ಎಲ್ಲೂ ಒಳಗಿಳಿಯುವುದಿಲ್ಲ. "ಗಟ್ಟಿ ಇದೆ ಮೇಷ್ಟ್ರೇ, ಗೆದ್ದಲಿಲ್ಲ."

ಕೆಳಗೆ ಹುಡುಗ ಕಂಬದ ಹಳೇ ಗಾರೆಯನ್ನೆಲ್ಲ ಕೆತ್ತಿ, ಇಟ್ಟಿಗೆಯ ಸಂದುಗಳನ್ನು ಕೆರೆದು ಮುಗಿಸಿದ್ದಾನೆ. ಈಗ ಪೈಪು ಹಿಡಿದಿದ್ದಾನೆ. ಇಟ್ಟಿಗೆ ಸುಂಯ್ಯೆಂದು ನೀರು ಹೀರುತ್ತದೆ, ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಒಣ ಇಟ್ಟಿಗೆಗೆ ಗಾರೆ ಹಾಕಿದರೆ ಅದರ ನೀರನ್ನೆಲ್ಲ ಇಟ್ಟಿಗೆಯೇ ಕುಡಿದು, ಸಿಮೆಂಟು ಬಿಗಿಯಲು ಏನೂ ಉಳಿಯುವುದಿಲ್ಲ. ಪೈಪಿನ ನೀರು ತೊಲೆಯತ್ತ ಹಾರುತ್ತಲೇ ಮೇಸ್ತ್ರಿ ಕೂಗುತ್ತಾರೆ: "ಏಯ್, ಮರಕ್ಕೆ ಬೇಡ ಕಣೋ!"

ನೀರುಂಡ ಮರ ಅಡ್ಡಗಲಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಟ್ಟಿಯಾದ ಸಿಮೆಂಟಿಗೆ ಅದರ ಜೊತೆ ಕದಲುವ ಶಕ್ತಿಯಿಲ್ಲ. ಬರಿಮರಕ್ಕೆ ಮೆತ್ತಿದ ಗಾರೆ ಚಕ್ಕೆಚಕ್ಕೆಯಾಗಿ ಏಳುವುದು ಇದರಿಂದಲೇ. ಹಾಗಾಗಿ ತೊಲೆಯ ಮುಖಕ್ಕೆ ಮೊದಲು ಡಾಂಬರು ಹಾಳೆ. ಅದರ ಮೇಲೆ ಸತುವು ಲೇಪಿಸಿದ ತಂತಿಯ ಚಿಕನ್ ಮೆಶ್. ಮೊಳೆ ಹೊಡೆಯುವಾಗ ಮೆಶ್ಶನ್ನು ಹಾಳೆಗೆ ಒತ್ತಿಬಿಡದೆ ಚೂರು ಎತ್ತಿ ಹಿಡಿಯುತ್ತಾರೆ. ಗಾರೆ ತಂತಿಯ ಹಿಂದಕ್ಕೂ ನುಗ್ಗಿ ಕಚ್ಚಿಕೊಳ್ಳಬೇಕು. ತೊಲೆಯ ಮೇಲ್ಬದಿಯನ್ನು ಮಾತ್ರ ಮುಚ್ಚುವುದಿಲ್ಲ. ಸೂರಿನಡಿ ಮಳೆ ತಾಗದ ಆ ಬದಿಯಿಂದ ಮರದ ತೇವ ಆರಿಹೋಗಲು ದಾರಿ ಇರಬೇಕು.

ತೊಲೆ ಕಂಬಕ್ಕೆ ಕೂರುವಲ್ಲಿ ಮೆಶ್ ನಿಂತುಬಿಡುತ್ತದೆ. ಮೇಷ್ಟರಿಗೆ ಸಮಾಧಾನವಿಲ್ಲ. "ಮನೆ ಕಟ್ಟುವಾಗ ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರಿಸಿ ಮೆಶ್ ಹೊಡೆದಿದ್ರಲ್ಲಪ್ಪ?"

"ಅಲ್ಲಿ ಎರಡು ಕಡೆಗೂ ಆರಾರು ಇಂಚು ಹೊಡೀತೀವಿ ಸಾರ್, ಅವೆರಡೂ ಅಷ್ಟು ಆಡಲ್ಲ. ಇದು ಮರ. ಸೇರಿಸಿದ್ರೆ ಮಳೆಗಾಲದಲ್ಲಿ ಎಳೆದು ಸೀಳುತ್ತೆ. ಇಲ್ಲಿ ಗ್ರೂವ್ ಬಿಡಬೇಕು."

ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಜರಡಿ ಹಿಡಿದ ಮರಳು. ನೀರು ಬಿದ್ದ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸುತ್ತಾರೆ. ಬಾಂಡ್ಲಿ ಕೈಯಿಂದ ಕೈಗೆ ಏರುತ್ತದೆ. ಕರಣೆಯ ತುದಿಯಿಂದ ಗಾರೆ ಚಪ್ ಎಂದು ಮೆಶ್ಶಿಗೆ ಅಪ್ಪಳಿಸುತ್ತದೆ. ತೊಲೆಯ ಮೊದಲ ಪದರ ಬಿಗಿಯುವ ಮುನ್ನ ಮೇಸ್ತ್ರಿ ಅದರ ಮೈಮೇಲೆ ಮೊಳೆಯಿಂದ ಗೀರು ಹಾಕುತ್ತಾರೆ. ನಾಳಿನ ಪದರಕ್ಕೆ ಹಿಡಿತ ಬೇಕಲ್ಲ.

ಮರುದಿನ ತೊಲೆಗೆ ಎರಡನೆಯ ಪದರ, ಮತ್ತೆ ನೀರುಣಿಸಿದ ಕಂಬಕ್ಕೂ ಗಾರೆ. ಮಟ್ಟಗೋಲು ಕೆಳಗಿನಿಂದ ಮೇಲಕ್ಕೆ ಸರಿಯುತ್ತ ಹೆಚ್ಚಿದ ಗಾರೆಯನ್ನು ಕೆರೆದುಕೊಂಡು ಬರುತ್ತದೆ. ಹದ ನೋಡಿ ಮೇಸ್ತ್ರಿ ಸಂಧಿಗೆ ಪಟ್ಟಿ ಅಡ್ಡವಿಟ್ಟು ಕರಣೆಯ ಅಂಚನ್ನು ಒಂದೇ ಎಳೆತಕ್ಕೆ ಎಳೆಯುತ್ತಾರೆ. ಗೆರೆ ಬುಡದವರೆಗೂ ಸೀಳಿ, ಮರದ ಗಾರೆಯನ್ನು ಇಟ್ಟಿಗೆಯ ಗಾರೆಯಿಂದ ಬಿಡಿಸುತ್ತದೆ. ಗಾರೆ ಪೂರ್ತಿ ಒಣಗಿದ ಮೇಲೆ ಅದಕ್ಕೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬುತ್ತಾರೆ.

ಇಡೀ ಕೆಲಸದ ಜಾಣ್ಮೆ ಇರುವುದು ಈ ಗೆರೆಯಲ್ಲಿ. ಬೇರೆ ಬೇರೆ ಸ್ವಭಾವದ ಎರಡನ್ನು ಒಂದೇ ಬಣ್ಣದಡಿ ತರಬಹುದು; ಒಂದೇ ಆಗಿರಿ ಎಂದು ಒತ್ತಾಯಿಸಿದರೆ ಅವು ತಮ್ಮಷ್ಟಕ್ಕೆ ಬಿರುಕು ಬಿಟ್ಟುಕೊಳ್ಳುತ್ತವೆ. ಆ ಬಿರುಕು ಅಂಕುಡೊಂಕಾಗಿ ಬರುವ ಬದಲು ನೆಟ್ಟಗೆ, ನಾವು ಹೇಳಿದ ಜಾಗದಲ್ಲೇ ಇರಲಿ ಎನ್ನುವುದೇ ಗಾರೆಯವರ ವಿವೇಕ.

ಮೇಸ್ತ್ರಿ ಕೈ ತೊಳೆದು ಹೊರಡುತ್ತ ಹೇಳುತ್ತಾರೆ: "ಏಳು ದಿನ ನೀರು ತಪ್ಪಿಸಬೇಡಿ ಮೇಷ್ಟ್ರೇ. ತೊಲೆಗೆ ಮಾತ್ರ ಪೈಪು ಬೇಡ, ಗೋಣಿ ಒದ್ದೆ ಮಾಡಿ ಹೊದಿಸಿ ಸಾಕು."